ಎಲೆ ಉದುರುವ ಮುನ್ನ ಗಾಯ ಮಾಡಿದ ಮರ

ಮೊಮ್ಮಕ್ಕಳೇ, ನಿಮ್ಮ ಅಪ್ಪ ಅಡಿಗೆಮನೆಯಲ್ಲಿ ಹುಟ್ಟಿದವನು. ಯಾಕೆ ಎಂದು ನೀವು ಕೇಳಿದಿರಿ. ನಾಲ್ಕು ಜನರೆದುರು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯಳಂದೂರು ಕಡೆಯಿಂದ ಅಜ್ಜೀಪುರದ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಹಿತ್ತಿಲಲ್ಲಿ ಒಂದು ಹಾಲುಮಡ್ಡಿ ಮರವಿತ್ತು. ತೊಗಟೆಗೆ ಗಾಯ ಮಾಡಿದರೆ ಅಂಟು ಒಸರುತ್ತದೆ. ಕೊಳ್ಳೇಗಾಲದ ಊದುಬತ್ತಿಯವರು ಅದನ್ನು ಕೊಳ್ಳುತ್ತಿದ್ದರು. ಗಾಯ ಮಾಡುವ ಕಾಲವನ್ನು ಹೇಳುತ್ತಿದ್ದುದು ನಮ್ಮತ್ತೆಯ ಪೊರಕೆ. ಮಾಘದಲ್ಲಿ ಮರ ಎಲೆ ಉದುರಿಸುತ್ತದೆ. ಬೆಳಿಗ್ಗೆ ಹಿತ್ತಿಲು ಗುಡಿಸಿ, ಸಂಜೆಯವರೆಗೂ ಒಂದೆಲೆಯೂ ಬೀಳದಿದ್ದರೆ "ಮರ ಮಲಗ್ತು" ಎನ್ನುತ್ತಿದ್ದರು. ಆಮೇಲೇ ಕತ್ತಿ.

ನಾನು ಬಂದ ಆ ವರ್ಷ ಅಕಾಲದಲ್ಲಿ ಮಳೆ ಹಿಡಿಯಿತು. ಮಾಘ ಮುಗಿದರೂ ಮರ ಹಸಿರಾಗಿಯೇ ನಿಂತಿತ್ತು. ಊದುಬತ್ತಿಯವರು ಬಂದು, ಕೊಡುವುದಾದರೆ ಈಗಲೇ ಕೊಡಿ, ಮತ್ತೆ ಈ ಕಡೆ ಬರುವುದಿಲ್ಲ ಎಂದರು. ನಿಮ್ಮ ತಾತ ಕತ್ತಿ ಮಸೆದರು.

"ಎದ್ದಿರೋ ಮರದ ಮೈ ಕುಯ್ಯಬ್ಯಾಡ ಕಣ್ಲಾ," ಎಂದರು ಅತ್ತೆ.

"ಮಲಗಿದ್ರೆ ಏನ್ ಗೊರಕೆ ಒಡೀತದಾ ಅವ್ವ?"

ಅಂಟು ಎಂದೂ ಇಲ್ಲದಷ್ಟು ಸುರಿಯಿತು, ಆದರೆ ನೀರಾಗಿ. ನಿಮ್ಮ ತಾತ ಉಬ್ಬಿಹೋಗಿ ಗಾಯಗಳನ್ನು ಇನ್ನೂ ಆಳ ಮಾಡಿದರು. ಬೇರೆ ವರ್ಷವಾದರೆ ಮುಂಗಾರಿಗೆ ಮುಂಚೆಯೇ ಗಾಯದ ಅಂಚು ಉಬ್ಬಿ ಕೂಡಿಕೊಳ್ಳುತ್ತಿತ್ತಂತೆ. ಈ ಸಲ ಅವು ಬಾಯಿ ತೆರೆದೇ ಇದ್ದವು. ಮಳೆನೀರು ಒಳಗಿಳಿದು ಕಪ್ಪಾದವು. ಹಿತ್ತಿಲಿಗೆ ಹೋದರೆ ಹಳಸಿದ ಅಂಬಲಿಯ ವಾಸನೆ.

ಮರುವರ್ಷ ಒಂದು ಮಗ್ಗುಲು ಚಿಗುರಲಿಲ್ಲ. ಮರದ ಬುಡಕ್ಕೆ ಅಂಟಿದಂತಿದ್ದ ಹಿಂಗೋಣೆಯ, ಅಂದರೆ ಮನೆಯ ಹಿಂದಿನ ಕೋಣೆಯ, ಹೆಂಚಿನ ಮೇಲೆ ದಿನಾ ಬೆಳಿಗ್ಗೆ ಹುಳ ಕೊರೆದ ಹಿಟ್ಟಿನಂಥ ಪುಡಿ ಬಿದ್ದಿರುತ್ತಿತ್ತು. ನನಗೆ ಆಗ ಏಳು ತಿಂಗಳು. ತವರಿನಲ್ಲಿ ತಾಯಿ ಇರಲಿಲ್ಲ, ಹೆರಿಗೆ ಇಲ್ಲೇ, ಅದೂ ಆ ಹಿಂಗೋಣೆಯಲ್ಲೇ ಎಂದು ತೀರ್ಮಾನವಾಗಿತ್ತು.

ಅತ್ತೆಯೆದುರು ಗಂಡನೊಡನೆ ಮಾತಾಡಿದವಳಲ್ಲ ನಾನು. ಒಂದು ದಿನ ಮುದ್ದೆ ಬಡಿಸುತ್ತಾ ಹೇಳಿಬಿಟ್ಟೆ. "ನಾ ಆ ಕ್ವಾಣೇಲಿ ಮಲಗಾಕಿಲ್ಲ."

"ಯಾಕೆ, ಮರ ನಿನ್ನ ತಿಂದಾಕ್ತದಾ?"

"ಬೀಳ್ತದೆ. ಕಡಿಸ್ಬುಡಿ."

ಕಡಿಸಿದರೆ ತಪ್ಪು ತಮ್ಮದೆಂದು ಊರಿಗೆಲ್ಲ ಸಾರಿದಂತೆ. ನಿಮ್ಮ ತಾತನ ಮುಖ ಕೆಂಪಾಯಿತು. "ಕುಯ್ದೋನು ನಾನು. ಬಿದ್ರೆ ನನ್ ಮ್ಯಾಲೇ ಬೀಳ್ಲಿ. ಇವತ್ತಿಂದ ನಾನೇ ಅಲ್ಲಿ ಮಲಗ್ತೀನಿ."

"ಥೂ, ನಿನ್ ಬಾಯಿಗೆ ಮಣ್ಣಾಕ," ಎಂದರು ಅತ್ತೆ. ಎದ್ದು ನನ್ನ ಚಾಪೆಯನ್ನು ಕಂಕುಳಲ್ಲಿ ಅವುಚಿ ಅಡಿಗೆಮನೆಗೆ ತಂದು ಹಾಸಿದರು.

"ಸೊಸೆ ಒಲೆ ಪಕ್ಕ ಎರ್ತಾಳಂತೆ, ರೊಟ್ಟಿ ಬೇಯಿಸ್ದಂಗೆ," ಎಂದು ಪಕ್ಕದ ಮನೆಯವರು ನಕ್ಕರು. ನಿಮ್ಮ ಅಪ್ಪ ಆಷಾಢದಲ್ಲಿ ಅಲ್ಲೇ ಹುಟ್ಟಿದ. ನಿಮ್ಮ ತಾತ ಹಟ ಬಿಡಲಿಲ್ಲ. ರಾತ್ರಿಯೂ ಹಿಂಗೋಣೆಯಲ್ಲೇ, ಮಧ್ಯಾಹ್ನ ಉಂಡು ಅಡ್ಡಾಗುವುದೂ ಅಲ್ಲೇ. ಬೆಳಿಗ್ಗೆ ಅವರ ಕೆಮ್ಮು ಕೇಳುವವರೆಗೂ ನಾನು ಒಲೆ ಹಚ್ಚುತ್ತಿರಲಿಲ್ಲ.

ಮಳೆ ನಿಂತು ಬಿಸಿಲು ಬಿದ್ದ ಒಂದು ಮಧ್ಯಾಹ್ನ. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಅವರು ಉಂಡು ಮಲಗಿದ್ದರು. ಎತ್ತು ಹಗ್ಗ ಬಿಚ್ಚಿಕೊಂಡು ರಾಗಿ ಹೊಲಕ್ಕೆ ನುಗ್ಗಿತೆಂದು ಯಾರೋ ಕೂಗಿದರು, ಬೈಯುತ್ತಾ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಿಲಲ್ಲಿ ಒದ್ದೆ ಬಟ್ಟೆ ಹರಿದಂಥ ಸದ್ದು. ಆಮೇಲೆ ಹೆಂಚು, ತೊಲೆ, ಗೋಡೆ ಎಲ್ಲ ಒಟ್ಟಿಗೆ.

ಅವರು ಓಡಿ ಬಂದರು. ಉರುಳಿದ ಬೊಡ್ಡೆಯ ಅಡಿಯಿಂದ, ನಾನೂ ಮಗುವೂ ಮಲಗಬೇಕಿದ್ದ ಜಾಗದಲ್ಲೇ, ಅವರ ಚಾಪೆಯ ಅಂಚು ಚೂರು ಕಾಣುತ್ತಿತ್ತು. ಅದನ್ನು ನೋಡುತ್ತಾ ನಿಂತರು. ಅತ್ತೆ ಕರೆದರೂ ತಿರುಗಲಿಲ್ಲ. ಕೊನೆಗೆ ಅಡಿಗೆಮನೆಗೆ ಬಂದು ಹೊಸ್ತಿಲ ಮೇಲೆ ಕೂತರು. ಮಗು ನನ್ನ ತೊಡೆಯ ಮೇಲೆ ಅವರ ಕಣ್ಣೆದುರೇ ಕಿರುಚುತ್ತಿತ್ತು.

"ಮಗ ಎಲ್ಲವ್ನೆ?" ಎಂದರು.

"ಇಲ್ಲೇ ಅವ್ನೆ," ಎಂದೆ.

"ಮಗ ಎಲ್ಲವ್ನೆ?" ಎಂದು ಮತ್ತೆ ಕೇಳಿದರು.