ಅಕ್ಕ ಕೂರುತ್ತಿದ್ದ ಮೂಟೆ

ನಮ್ಮ ದೊಡ್ಡಬಳ್ಳಾಪುರದ ಟೀ-ಶರ್ಟ್ ಪ್ರಿಂಟಿಂಗ್ ಅಂಗಡಿಯಲ್ಲಿ ಖಾಲಿ ಶರ್ಟುಗಳ ದಾಸ್ತಾನು ನೋಡಿಕೊಳ್ಳುತ್ತಿದ್ದ ಅಕ್ಕ ಎಂದೂ ಕುರ್ಚಿಯಲ್ಲಿ ಕೂತವರಲ್ಲ. ಮೂಲೆಯ ಮೂಟೆಯ ಮೇಲೇ ಕೂರುತ್ತಿದ್ದರು. ಪ್ರಿಂಟ್ ಹಾಕುವ ಮುಂಚೆ ಗಿರಾಕಿಗೆ ಖಾಲಿ ಶರ್ಟು ತೊಡಿಸಿ, ಭುಜದ ಹತ್ತಿರ ಎಳೆದು ನೋಡುವುದು ಅವರ ಪದ್ಧತಿ. "ಗಂಡಸ್ರು ಹೇಳೋ ಅಳತೆ ನಂಬ್ಬಾರ್ದು ಕಣಪ್ಪಾ" ಎನ್ನುತ್ತಿದ್ದರು.

ಒಮ್ಮೆ ದೊಡ್ಡಬೆಳವಂಗಲದ ಕಬಡ್ಡಿ ತಂಡದವರು ತೊಟ್ಟು ನೋಡಿದರೆ, ಒಬ್ಬರಿಗೂ ಶರ್ಟು ಹೊಟ್ಟೆ ದಾಟಿ ಇಳಿಯಲಿಲ್ಲ. ಎಲ್ಲರೂ ಮದುವೆಗೆ ಮುಂಚಿನ ಅಳತೆ ಹೇಳಿದ್ದರು. ಪಂದ್ಯ ಮರುದಿನವೇ ಇತ್ತು, ಕಪಾಟಿನಲ್ಲಿ ದೊಡ್ಡ ಸೈಜು ಒಂದೂ ಇರಲಿಲ್ಲ. ನಾನು ತಲೆ ಮೇಲೆ ಕೈಹೊತ್ತು ಕೂತೆ.

ಅಕ್ಕ ಎದ್ದು, ತಾವು ಕೂತಿದ್ದ ಮೂಟೆಯ ದಾರ ಬಿಚ್ಚಿದರು. ಒಳಗಿದ್ದದ್ದೆಲ್ಲ ದೊಡ್ಡ ಸೈಜೇ.

ಹೋದ ಜೀವ ಬಂದಂತಾಯಿತು. ಹೊಸ ಮೂಟೆ ಬರುವವರೆಗೆ ಮಾತ್ರ ಅಕ್ಕ ನನ್ನ ಕುರ್ಚಿಯಲ್ಲಿ ಕೂತರು.