ಆರು ಸೆಕೆಂಡು ಎಂದು ಕೂಗಿ ಹೇಳುವುದು

ನಾನು ಹೇಳಬೇಕಾದ ಸಂಗತಿ ಶುರುವಾದದ್ದು ಬೇಸಿಗೆ ಕಾಲಿಡುವ ದಿನಗಳಲ್ಲಿ, ಬೆಳಗಿನ ಒಂಬತ್ತೂವರೆಗೆ. ನಮ್ಮ ಶೂಟಿಂಗ್ ಕೇಂದ್ರದ ಮುಖ್ಯ ತರಬೇತುದಾರರಾಗಿ, ಮೂರು ತಲೆಮಾರಿನ ಶೂಟರುಗಳಿಗೆ ಗುರುಗಳಾಗಿ ಈಗ ನಿವೃತ್ತರಾದ ಮಾನ್ಯರು, ಹಲವು ದೇಶಗಳು ಕೂಡಿದ್ದ ಆ ಕ್ರೀಡಾಕೂಟದ ಪುರುಷರ ಕ್ಷಿಪ್ರ ಪಿಸ್ತೂಲು ಪಂದ್ಯಕ್ಕೆ ಇಪ್ಪತ್ತೊಂಬತ್ತರ ತರುಣರಾಗಿ ನಿಂತಿದ್ದರು. ಅವರ ಐದು ಗುರಿಹಲಗೆಗಳನ್ನು ತಿರುಗಿಸುವ ಯಂತ್ರದ ಮುಂದೆ ನಾನು ಕೂತಿದ್ದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಅವರ ಈ ಅಭಿನಂದನ ಗ್ರಂಥಕ್ಕೆ ಬರೆಯುವ ಯೋಗ್ಯತೆ ನನಗಿಲ್ಲ. ಇದು ಸೌಜನ್ಯದ ಮಾತಲ್ಲ, ಮುಂದೆ ತಿಳಿಯುತ್ತದೆ.

ಹಲಗೆಗಳು ಮುಖ ತೋರಿಸಿದಷ್ಟು ಹೊತ್ತಿನಲ್ಲೇ ಐದಕ್ಕೂ ಒಂದೊಂದು ಗುಂಡು ಹೊಡೆಯಬೇಕು: ಮೊದಲು ಎಂಟು ಸೆಕೆಂಡು, ಆಮೇಲೆ ಆರು, ಕೊನೆಗೆ ನಾಲ್ಕು. ಎಂಟರ ಸುತ್ತುಗಳು ಮುಗಿದಾಗ ಅವರು ಎಲ್ಲರಿಗಿಂತ ಮುಂದಿದ್ದರು. ಆರಕ್ಕೆ ತಿರುಗಿಸಬೇಕಾದ ಸ್ವಿಚ್ಚನ್ನು ನಾನು ಸರಿಯಾಗಿ ನೋಡದೆ ನಾಲ್ಕಕ್ಕೆ ತಿರುಗಿಸಿಬಿಟ್ಟೆ. ಅವರು ಮೂರು ಗುಂಡು ಹೊಡೆಯುವಷ್ಟರಲ್ಲಿ ಹಲಗೆಗಳು ಮುಖ ತಿರುಗಿಸಿದವು. ಪದಕವೂ ಹಾಗೆಯೇ.

ತೀರ್ಪುಗಾರರು ಬಂದು, "ಎಷ್ಟಕ್ಕಿಟ್ಟಿದ್ರಿ?" ಎಂದರು.

"ಆರಕ್ಕೇ ಸಾರ್," ಎಂದೆ.

ಅವರು ಬಗ್ಗಿ ನೋಡುವ ಮೊದಲೇ ನನ್ನ ಬೆರಳು ಸ್ವಿಚ್ಚನ್ನು ಟಕ್ಕೆಂದು ಆರಕ್ಕೆ ತಿರುಗಿಸಿತ್ತು. ಪಕ್ಕದಲ್ಲೇ ನಿಂತಿದ್ದ ಮಾನ್ಯರು ಆ ಬೆರಳನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು. "ಬಿಡಿ ಸಾರ್, ನನ್ನ ಕೈಯೇ ನಿಧಾನ ಆಯ್ತು," ಎಂದು ಅಂಕಗಳ ಕಾಗದಕ್ಕೆ ರುಜು ಹಾಕಿದರು. ದಾಖಲೆಯಲ್ಲಿ ಇವತ್ತಿಗೂ ಹಾಗೆಯೇ ಇದೆ. ಕೆಲಸ ಹೊಸದು, ಹೆಂಡತಿ ತುಂಬು ಬಸುರಿ ಎಂಬುದು ಆಗಲೂ ನೆವ, ಈಗಲೂ ನೆವ.

ಮುಂದೆ ಅವರೇ ಇಲ್ಲಿಗೆ ತರಬೇತುದಾರರಾಗಿ ಬಂದರು. ಅವರು ತಂದ ಹೊಸ ಕಟ್ಟಳೆ ಒಂದೇ: ಯಂತ್ರದ ಬಳಿ ಕೂತವನು ಪ್ರತಿ ಸುತ್ತಿಗೂ ಮೊದಲು ಸೆಕೆಂಡನ್ನು ನೋಡಿ ಕೂಗಿ ಹೇಳಬೇಕು. ಕಾರಣ ಯಾರಿಗೂ ಹೇಳಲಿಲ್ಲ. "ತಾತನ ಹರಾಜು ಶುರುವಾಯ್ತು ನೋಡ್ರೋ," ಎಂದು ಶೂಟರುಗಳು ನಗುತ್ತಿದ್ದರು. ನನ್ನ ಮಗಳನ್ನು ಸ್ಕೂಟರಿನಲ್ಲಿ ಪರೀಕ್ಷೆಗೆ ಕರೆದೊಯ್ದವರು, ನನಗೆ ಕಣ್ಣಿನ ಪೊರೆ ತೆಗೆಸಿದಾಗ ನನ್ನ ಕುರ್ಚಿಯಲ್ಲಿ ತಾವೇ ಕೂತವರು, ವಯಸ್ಸು ಮೀರಿದ ಮೇಲೂ ನನ್ನನ್ನು ಉಳಿಸಿಕೊಂಡವರು ಅವರೇ. ಒಂದೊಂದು ಉಪಕಾರಕ್ಕೂ ನಾನು ತಲೆ ತಗ್ಗಿಸಿದೆ. ನೋಡಿದವರು ಅದನ್ನು ವಿನಯ ಎಂದುಕೊಂಡರು.

ಕೊನೆಯ ದಿನ ಅವರೇ ಪಿಸ್ತೂಲು ಹಿಡಿದು ನಿಂತರು. "ಆರು!" ಎಂದು ಕೂಗಿದೆ. ಐದೂ ಗುಂಡು ನಟ್ಟನಡುವೆ ಕೂತವು. ಹತ್ತಿರ ಬಂದು ಮೆಲ್ಲಗೆ, "ಈ ಸಲ ಆರೇ ಇತ್ತಲ್ಲ ಅಣ್ಣ," ಎಂದು ನಕ್ಕರು. ನಾನು ಸ್ವಿಚ್ಚಿನ ಧೂಳು ಒರೆಸುತ್ತ ಕೂತೆ.

ಅವರು ನೂರು ಕಾಲ ಬಾಳಲಿ; ಆ ಕಣ್ಣು, ಆ ಕೈ ಇನ್ನೂ ಅನೇಕರಿಗೆ ಗುರಿ ತೋರಲಿ. ಅಂದು ಅವರ ಕೈ ನಿಧಾನವಾಗಿರಲಿಲ್ಲ ಎಂಬುದನ್ನು ಓದುವವರೆಲ್ಲ ತಿಳಿಯಲಿ. ನಾನು ಬಾಯಿ ಬಿಟ್ಟದ್ದು ಸೋಮವಾರ, ಅದೂ ಕಾಗದದ ಮೇಲೆ. ಅವರು ಕೇಂದ್ರ ಬಿಟ್ಟು ಹೊರಟದ್ದು ಅದರ ಹಿಂದಿನ ಶುಕ್ರವಾರ.