ಕಡಲ ದೇವರ ಬೆನ್ನು

ಔರಾದಿನ ಗಾರೆ ಕೆಲಸದ ಗೌಂಡಿ ಮಾಣಿಕ ಮೂವತ್ತು ವರ್ಷಗಳಲ್ಲಿ ಸಿಮೆಂಟಿನಲ್ಲಿ ಮಾಡಿದ ಆನೆ, ಸಿಂಹ, ನವಿಲುಗಳೆಲ್ಲ ಯಾರದೋ ಬಾಗಿಲ ಮೇಲೆ, ಗೋಡೆಗೆ ಬೆನ್ನು ಅಂಟಿಸಿಕೊಂಡೇ ಬಾಳುತ್ತಿದ್ದವು. ಕೆಳಗೆ ಮನೆ ಯಜಮಾನರ ಹೆಸರು. ಮಾಣಿಕನದು ಎಲ್ಲೂ ಇಲ್ಲ.

ಈ ಸಲ ಭಾಲ್ಕಿಯ ಖಾಸಗಿ ಕಾಲೇಜೊಂದರ ಕಾರ್ಯದರ್ಶಿ ಮಕರಂದರಾಯರಿಗೆ ಅಂಗಳದ ನಡುವೆ ಕಾರಂಜಿ ಬೇಕಾಗಿತ್ತು. ಮಾದರಿಯೆಂದು ಸಿಕ್ಕದ್ದು ಬೀದರಿನ ನಿವೃತ್ತ ಪೋಸ್ಟ್‌ಮನ್ ಪ್ರಭಾಕರ ಕಾಕಾ ಜೋಪಾನ ಮಾಡಿದ್ದ ಒಂದು ವಿದೇಶಿ ಅಂಚೆಚೀಟಿ: ಮೂರು ಮೊನೆಯ ಭರ್ಜಿ ಹಿಡಿದ ಕಡಲ ದೇವರು, ಕಾಲ ಬಳಿ ನೀರು ಉಗುಳುವ ಎರಡು ಕುದುರೆ.

‘ಚಂದಾದರ ಪೀಠದ ಮ್ಯಾಲ ನಿನ್ನ ಹೆಸರು ಕೆತ್ತಸ್ತೇನಿ. ಕೆಟ್ಟರ ಒಡಸ್ತೇನಿ’ ಎಂದಿದ್ದರು ರಾಯರು.

ಮಾಣಿಕ ಎರಡು ತಿಂಗಳು ಭೂತಗನ್ನಡಿ ಹಿಡಿದು, ಹೆಬ್ಬೆರಳಗಲದ ದೇವರನ್ನು ಆರಡಿ ಬೆಳೆಸಿದ. ಗಡ್ಡದ ಸುರುಳಿಯೊಂದೂ ತಪ್ಪಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಹತ್ತಕ್ಕೆ ಚೀಟಿ ಒಯ್ಯಲು ಕಾಕಾ ಬಂದರು. ಮೂರ್ತಿಯ ಹಿಂಬದಿಗೆ ಮರೆಯಾಗಿ ಕಟ್ಟಿದ್ದ ತಾಡಪತ್ರಿಯನ್ನು ಮಾಣಿಕ ಆಗಷ್ಟೇ ಬಿಚ್ಚಿದ್ದ. ಕಾಕಾ ಒಂದು ಸುತ್ತು ಹಾಕಿ ನಿಂತುಬಿಟ್ಟರು.

‘ಮಾಣಿಕ, ದೇವ್ರ ಬೆನ್ನೆಲ್ಲಿ ಅದೋ?’

ಹಿಂದೆ ಇದ್ದದ್ದು ಚಪ್ಪಟೆ ಗಾರೆ, ಎರಡು ಪೈಪು, ನಾಲ್ಕು ಕಬ್ಬಿಣದ ಸಳಿ.

‘ಸ್ಟಾಂಪಿನ್ಯಾಗ ಇರಲಿಲ್ರೀ ಕಾಕಾ.’

ಕಾಕಾ ಚೀಟಿ ತಿರುಗಿಸಿ ನೋಡಿದರು. ‘ಖರೇ. ಇಲ್ಲಿ ಬರೇ ಗೋಂದು ಅದ.’

ಐದಕ್ಕೆ ನೀರು ಬಿಡಬೇಕು. ಸುತ್ತಲೂ ಕುರ್ಚಿ ಹಾಕುತ್ತಿದ್ದರು. ಅರ್ಧ ಜನ ಕೂರುವುದು ಹಿಂಬದಿಗೇ. ಸಿಮೆಂಟು ಇತ್ತು, ಬೇಗ ಗಟ್ಟಿಯಾಗಿಸುವ ಪುಡಿಯೂ ಇತ್ತು. ಬೆನ್ನು ಹೇಗಿರುತ್ತದೆಂಬುದೇ ಗೊತ್ತಿರಲಿಲ್ಲ.

‘ಕಾಕಾ, ಅಂಗಿ ತೆಗೀರಿ.’

‘ಏನಂದಿ?’

‘ತೆಗದು ಆ ಕಡಿ ಮಾರಿ ಮಾಡಿ ನಿಂದರ್ರಿ. ಟೈಮಿಲ್ಲ.’

‘ಎಪ್ಪತ್ತರ ಮುದುಕ ನಾ! ಹುಡಿಗ್ಯಾರು ಅಡ್ಯಾಡ್ತಾರೋ!’

‘ಅವರು ಮೊಬೈಲ್ ನೋಡ್ತಾರ್ರಿ. ನಿಮಗ್ಯಾರು ನೋಡ್ತಾರ?’

ಕಾಕಾ ಬಿದಿರು ಕೋಲನ್ನು ಭರ್ಜಿಯಂತೆ ಹಿಡಿದು ನಿಂತರು. ಮಾಣಿಕ ಊಟ ಬಿಟ್ಟು ಕರಣಿ ಆಡಿಸಿದ. ಎರಡು ಗಂಟೆಗೆ ರಾಯರು ಬಂದರು.

‘ಏನಿದು ನಾಟಕ?’

‘ದೇವರಿಗಿ ಬೆನ್ನು ಹಚ್ಲತ್ತೇನ್ರಿ ಸಾಹೇಬ್ರ.’

‘ಐದಕ್ಕ ನೀರು ಬಿಡೋದೇ. ಕಳಚಿ ಬಿತ್ತಂದ್ರ ಮುಂದಿಂದೂ ಉಳಿಯಂಗಿಲ್ಲ, ನೋಡು.’

ಐದಕ್ಕೆ ನಳ ತಿರುಗಿತು. ಕುದುರೆಗಳು ಉಗುಳಿದವು, ಗಾಳಿ ಆ ನೀರನ್ನು ನೇರ ಬೆನ್ನಿಗೇ ತಂದು ಬಡಿಯಿತು. ಹಸಿ ಸಿಮೆಂಟಿನ ಬೂದು ನೀರು ಇಳಿಯತೊಡಗಿತು. ಮಾಣಿಕ ತೊಟ್ಟಿಯ ಅಂಚಿಗೆ ಬಂದ. ಬೂದು ಇನ್ನೂ ಇಳಿಯಿತು. ಸಿಮೆಂಟಿನ ಒಂದು ಹಳಕು ಜಾರಿ ತೊಟ್ಟಿಗೆ ಬಿತ್ತು. ರಾಯರು ತಿರುಗಿ ನೋಡಿದರು. ಆಮೇಲೆ ನೀರು ತಿಳಿಯಾಯಿತು. ಬೆನ್ನು ನಿಂತಿತು.

ಕಾಕಾ ಕಣ್ಣು ಕಿರಿದು ಮಾಡಿದರು. ‘ಎಡಭುಜ ಯಾಕ ಇಳದದೋ?’

‘ನಿಮ್ದೇ ಭುಜರೀ. ಮೂವತ್ತೈದು ವರ್ಷ ಟಪಾಲು ಚೀಲ ಹೊತ್ತಿದ್ದು.’

ಕಾಕಾ ಅಂಗಿಯ ಗುಂಡಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ರಾಯರು ಹತ್ತಿರ ಬಂದರು. ‘ಹೆಸರು ಮುಂದ ಎಲ್ಲಿ ಕೆತ್ತಸ್ಲಿ, ಮಾಣಿಕ?’

‘ಹಿಂದ ಕೆತ್ತಸ್ರಿ ಸಾಹೇಬ್ರ. ಮುಂದಿಂದು ಸ್ಟಾಂಪಿನಂವ ಮಾಡ್ಯಾನ.’